ಮೈನಾ ಜೋಡಿ

ಕಾಲು ಮುರಿದು ಮನೆ ಹಿಡಿದ ಮೇಲೆ ಕಾತ್ಯಾಯಿನಿ ದಿನಕ್ಕೊಂದು ಚಿತ್ರ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಮೇಲೆ ‘ಇದು ನಿಮಗೇ, ತೆಗೆದುಕೊಂಡು ಹೋಗಿ’ ಎಂದು ಬರೆದಿಡುತ್ತಿದ್ದಳು. ಕೆಲಸಕ್ಕೆ ಹೋಗುವಾಗ ಗಂಡ ಅದನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಇಟ್ಟುಹೋಗುತ್ತಿದ್ದ. ಚಿತ್ರದ ಹಿಂದೆ ಅವನ ಫೋನ್ ನಂಬರು ಇರುತ್ತಿತ್ತು. ಸಿಕ್ಕವರು ಕಳಿಸಿದ ಮೆಸೇಜನ್ನು ಸಂಜೆ ಅವನು ಬಂದು ಓದಿ ಹೇಳುವವರೆಗೆ ಅವಳಿಗೆ ಕಾಫಿಯೂ ರುಚಿಸುತ್ತಿರಲಿಲ್ಲ. ಕಾಣದ ಎಷ್ಟೋ ಮನೆಗಳ ಗೋಡೆಯ ಮೇಲೆ ತಾನಿದ್ದೇನೆ ಎಂಬ ನಂಬಿಕೆಯಲ್ಲೇ ಅವಳಿಗೆ ಎರಡು ವರ್ಷ ಕಳೆದಿತ್ತು.

ಅಂದು ಅವನು ಚಪ್ಪಲಿ ಬಿಡುತ್ತಲೇ ಫೋನ್ ತೆಗೆದ.

“ಕೇಳು, ಯಾರೋ ಟೀಚರಂತೆ. ‘ನಿಮ್ಮ ಮೈನಾ ಜೋಡಿ ನೋಡಿ ಕಣ್ಣು ತುಂಬಿ ಬಂತು. ಮಗಳ ರೂಮಲ್ಲಿ ಹಾಕಿದೀವಿ’ ಅಂತ ಬರೆದಿದಾರೆ.”

“ಇನ್ನೊಂದ್ಸಲ ಓದಿ.”

ಅವನು ಇನ್ನಷ್ಟು ಭಾವ ತುಂಬಿ ಓದಿದ. ಅವಳು ನಗದೆ ಅವನನ್ನೇ ನೋಡಿದಳು.

“ಯಾಕೆ, ಖುಷಿಯಾಗ್ಲಿಲ್ವಾ?”

“ನಿನ್ನೆ ನೀವು ನೋಡಿದ ಮೈನಾ ಇನ್ನೂ ಒಣಗಿಲ್ಲ ರೀ, ಇಲ್ಲೇ ಮಂಚದ ಕೆಳಗಿದೆ,” ಎಂದಳು. “ಇವತ್ತು ಲಕೋಟೆಯೊಳಗೆ ಹಾಕಿದ್ದು ನಿಮ್ಮ ಮುಖದ ಚಿತ್ರ.”