ಹಿತ್ತಲಿನ ದನಿ

“ಸಾಸಿವಿ ಚಟಪಟ ಅನ್ನೂತನಕ ತಡೀರಿ. ಎಲ್ಲೆ ಬಸ್ ತಪ್ಪಲಿಕತ್ತದ ನಿಮಗ?” ಎಂದು ಬೆಟಗೇರಿಯ ಆ ಮನೆಯ ಹಿತ್ತಲಿನಲ್ಲಿ ಪದ್ಮಾಬಾಯಿಯ ದನಿ ಗದರಿತು. ಪದ್ಮಾಬಾಯಿ ಮಾತ್ರ ಆ ಹೊತ್ತಿಗೆ ಮುಂದಿನ ಕೋಣೆಯಲ್ಲಿ, ಕಿಟಕಿ ಹಾಕಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

ಗದರಿದವರು ಅವರ ಯಜಮಾನರು ದತ್ತಾತ್ರಿರಾಯರು, ಗದರಿಸಿಕೊಂಡವರೂ ಅವರೇ. ಶಿರಹಟ್ಟಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದಷ್ಟು ಕಾಲ ಗಂಟಲೊಳಗೆ ನಾಲ್ಕಾರು ಸಾಹೇಬರನ್ನೂ ಮುಂಡರಗಿ ಬಸ್ಸಿನ ಕಂಡಕ್ಟರನನ್ನೂ ಸಾಕಿಕೊಂಡು, ಬೇಕೆಂದಾಗ ಅವರ ದನಿ ತೆಗೆಯುತ್ತಿದ್ದ ಮನುಷ್ಯ. ಹೆಂಡತಿಯ ದನಿಯನ್ನು ಮಾತ್ರ ಹೆಂಡತಿ ಇರುವ ಊರಿನಲ್ಲಿ ತೆಗೆದವರಲ್ಲ. ಈಗ ಬೇರೆ ದಾರಿ ಇರಲಿಲ್ಲ. ಎದೆಯ ಕ್ಯಾನ್ಸರಿಗೆ ಹುಬ್ಬಳ್ಳಿಯಲ್ಲಿ ಕಿಮೋ ಶುರುವಾದ ಮೇಲೆ ಪದ್ಮಾಬಾಯಿಗೆ ಒಗ್ಗರಣೆಯ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಹೀಗಾಗಿ ಒಲೆ ಹಿತ್ತಲಿಗೆ ಹೋಯಿತು, ಒಲೆಯ ಹಿಂದೆ ರಾಯರು ಹೋದರು. ಅಡಿಗೆ ಅವರಿಗೆ ಬರುತ್ತಿರಲಿಲ್ಲ. ಅಡಿಗೆ ಮಾಡುವಾಗಿನ ಹೆಂಡತಿಯ ಬೈಗಳು ಮಾತ್ರ ಪೂರಾ ಬಾಯಿಪಾಠ. ಆಕೆಯ ದನಿಯಲ್ಲಿ ತಮ್ಮನ್ನು ತಾವೇ ಬೈದುಕೊಂಡರೆ, ಮುಂದೇನು ಹಾಕಬೇಕೆಂಬುದು ತಾನಾಗಿ ನೆನಪಿಗೆ ಬರುತ್ತಿತ್ತು.

“ಉಪ್ಪು ಹಾಕೀರೋ, ಹಾಕೇನಿ ಅಂತ ತಿಳಕೊಂಡೀರೋ?” ರಾಯರು ಗದರಿಕೊಂಡು ಉಪ್ಪು ಹಾಕಿದರು.

ಹೀಗೆ ಸಾರು ಮಾಡುವುದು ಬಂತು, ಉಣ್ಣಿಸುವುದು ಬರಲಿಲ್ಲ. ತೂಕ ಇನ್ನೂ ಇಳಿದರೆ ಮುಂದಿನ ಕಿಮೋ ಕೊಡಲಾಗದು ಎಂದು ಡಾಕ್ಟರರು ಹೇಳಿ ಕಳಿಸಿದ್ದರು. ಪದ್ಮಾಬಾಯಿ ಒಂದು ಚಮಚ ಬಾಯಿಗಿಟ್ಟು, “ಕಬ್ಬಿಣ ನೆಕ್ಕಿದಂಗ ಆಗ್ತದ,” ಎಂದು ಬಟ್ಟಲು ಸರಿಸಿಬಿಡುತ್ತಿದ್ದರು. ಬೈದು ಸರಿಸಿದ್ದರೆ ರಾಯರಿಗೆ ಧೈರ್ಯವಿರುತ್ತಿತ್ತು. ಹೆಸರಿನಲ್ಲೇ ಬಾಯಿ ಇದ್ದಾಕೆ ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಸರಿಸುತ್ತಿದ್ದರು. ರಾಯರಿಗೆ ಡಾಕ್ಟರರ ಮಾತಿಗಿಂತ ಅದರದೇ ಹೆದರಿಕೆ.

ರಾಯರು ಹಿತ್ತಲಿನಲ್ಲಿ ಸಾರು ಬಟ್ಟಲಿಗೆ ಬಗ್ಗಿಸುತ್ತಿದ್ದಾಗ ಪಕ್ಕದ ಮನೆಯ ಅನ್ನಪೂರ್ಣವ್ವ ಮುಂಬಾಗಿಲಿನಿಂದ ಬಂದು ಪದ್ಮಾಬಾಯಿಯ ಮಂಚದ ಹತ್ತಿರ ನಿಂತಳು.

“ಬಾಯಾರ, ದಿನಾ ಮುಂಜಾನಿ ಗ್ವಾಡಿ ಆಚಿಂದ ನಿಮ್ಮ ದನಿ ಕೇಳಿ ನನ್ನ ಜೀವಕ್ಕ ಎಷ್ಟ ತಂಪಾಗೇತಿ. ಎದ್ದ ಅಡಗಿ ಮಾಡಾಕ ಹತ್ತೀರಿ. ರಾಯರ ಮ್ಯಾಲಿನ ಸಿಟ್ಟೂ ಮೊದಲಿನಂಗ ಐತಿ. ಅಂದಮ್ಯಾಲ ಆರಾಮಾದ್ರಿ ಬಿಡ್ರಿ.”

“ನಾನೇನು? ನಾ ಹಾಸಿಗಿ ಬಿಟ್ಟು ಎದ್ದೇ ಇಲ್ಲಲ್ಲ, ಅನ್ನಪೂರ್ಣವ್ವ.”

“ಕೈ ಒರಸಲಿಕ್ಕೆ ಧೋತರನ ಬೇಕೇನು? ಅಲ್ಲೇ ವಸ್ತ್ರ ಇಟ್ಟದ್ದು ಕಣ್ಣಿಗೆ ಕಾಣಂಗಿಲ್ಲ?” ಎನ್ನುತ್ತ ಪದ್ಮಾಬಾಯಿಯ ದನಿ ಒಳಗೆ ಬಂತು. ಅದರ ಹಿಂದೆಯೇ ಬಟ್ಟಲು ಹಿಡಿದುಕೊಂಡು, ಇನ್ನೊಂದು ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ರಾಯರು ಬಂದರು. ಬಂದವರು ಹೊಸಿಲಲ್ಲೇ ನಿಂತರು.

“ಎಂದಿನಿಂದ ನಡದದ ಇದು?” ಪದ್ಮಾಬಾಯಿ ಕೇಳಿದರು.

“ಸಾರು ಮಾಡಲಿಕ್ಕೆ ಹತ್ತಿದಾಗಿಂದ.” ಇದು ರಾಯರ ಸ್ವಂತ ದನಿ. ಬಹಳ ದಿನ ಬಳಸದೆ ಬಿಟ್ಟದ್ದರಿಂದ ತುಸು ತುಕ್ಕು ಹಿಡಿದಿತ್ತು.

“ನಾ ಹಿಂಗ ಬೈತೇನೇನು?”

ರಾಯರು ಅನ್ನಪೂರ್ಣವ್ವನ ಮುಖ ನೋಡಿದರು. ಅನ್ನಪೂರ್ಣವ್ವ ಜಂತಿ ನೋಡಿದಳು.

“ಕಣ್ಣ ಮುಚ್ಚಿಕೊಂಡ್ರ ಯಾರಿಗೂ ಗೊತ್ತಾಗಂಗಿಲ್ರಿ, ಬಾಯಾರ,” ಎಂದವಳೇ, “ಒಲಿ ಮ್ಯಾಲ ಹಾಲ ಇಟ್ಟ ಬಂದೇನಿ,” ಎಂದು ಜಾರಿಕೊಂಡಳು.

“ಆ ಕಿಡಕಿ ತೆಗೀರಿ. ಬಟ್ಟಲಾ ಕೊಡ್ರಿ ಇಲ್ಲೆ,” ಎಂದು ಪದ್ಮಾಬಾಯಿ ದಿಂಬಿಗೆ ಒರಗಿ ಎದ್ದು ಕುಳಿತರು. “ನಾ ರುಚಿ ನೋಡಿ ಬೈಯಾಕಿ. ನಿಮ್ಮಂಗ ಸುಮ್ಮಸುಮ್ಮನ ಅಲ್ಲ.”

ಒಂದು ಚಮಚ ಬಾಯಿಗೆ ಹೋಯಿತು. ಮುಖ ಸೊಟ್ಟಗಾಯಿತು. “ತಪ್ಪಂತೂ ಅದ. ಯಾವುದಂತ ತಿಳೀವಲ್ದು.” ಇನ್ನೊಂದು ಚಮಚ. “ಹುಳಿ ಇರಬೇಕು.” ಮತ್ತೊಂದು. “ಹುಳಿ ಅಲ್ಲ.” ನಾಲಿಗೆಗೆ ಎಲ್ಲವೂ ಕಬ್ಬಿಣವೇ. ಆದರೆ ರಾಯರು ಮಾಡಿದ ಸಾರಿನಲ್ಲಿ ತಪ್ಪು ಸಿಗದೆ ಹೋಗುವುದೆಂದರೆ ಅವರ ಇಷ್ಟು ವರ್ಷದ ಸಂಸಾರಕ್ಕೇ ಅವಮಾನ. ಹುಡುಕುತ್ತ ಹುಡುಕುತ್ತ ಬಟ್ಟಲಿನ ಅರ್ಧಕ್ಕೆ ಇಳಿದರು, ಅರ್ಧದಿಂದ ತಳದ ಕಡೆ ಹೊರಟರು. ರಾಯರು ಹೊಸ ಸಾಹೇಬರ ಮುಂದೆ ನಿಂತಂತೆ ನಿಂತಿದ್ದರು. ಮಾತಾಡಿದರೆ ತಾನು ಉಣ್ಣುತ್ತಿದ್ದೇನೆಂಬುದು ಎಲ್ಲಿ ಆಕೆಗೆ ನೆನಪಾದೀತೋ ಎಂದು ಉಸಿರು ಕೂಡ ಜೋರಾಗಿ ಬಿಡಲಿಲ್ಲ.

ತಪ್ಪು ತಳದಲ್ಲಿತ್ತು. ಪದ್ಮಾಬಾಯಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು: ಎಲೆ ಬಿಡಿಸದ ಒಂದು ಕರಿಬೇವಿನ ಕಡ್ಡಿ.

“ಗಿಡಾನ ತಂದು ಹಾಕೀರಲ್ಲ. ಎಲಿ ಬಿಡಿಸಿ ಹಾಕ್ರಿ, ಎಲಿ ಬಿಡಿಸಿ ಹಾಕ್ರಿ ಅಂತ ಎಷ್ಟು ವರ್ಷ ಬಡಕೋಬೇಕು...” ಇಲ್ಲಿ ಒಂದು ಸಲ ಉಸಿರು ತೆಗೆದುಕೊಂಡರು. “ಕಡ್ಡಿ ತಿನ್ನಲಿಕ್ಕೆ ನಾ ಏನು ಆಡು ಅಂತ ತಿಳದೀರೇನು?”

ಕಿವಿ ತುಂಬ ಬೈಸಿಕೊಂಡು ರಾಯರ ಮುಖ ಅರಳಿತು. ತೆರೆದ ಕಿಟಕಿಯ ಆಚೆ, ತನ್ನ ಮನೆಯ ಕಟ್ಟೆಯ ಮೇಲಿಂದ ಅನ್ನಪೂರ್ಣವ್ವ ಕೂಗಿದಳು:

“ರಾಯರ, ಈ ಸಲ ಬರಾಬರಿ ಬರಲಿಲ್ಲ ಬಿಡ್ರಿ. ಬಾಯಾರ ದನಿ ಇಷ್ಟ ಸಣ್ಣ ಎಲ್ಲೈತಿ? ನಡುವ ನಿಂತ ಉಸಿರ ಬ್ಯಾರೆ ತಗೋತೀರಿ.”

ರಾಯರ ನಗು ಅರ್ಧಕ್ಕೇ ನಿಂತಿತು. ಹೆಂಡತಿಯ ಕಡೆ ನೋಡಿದರು. ಪದ್ಮಾಬಾಯಿ ಕರಿಬೇವಿನ ಕಡ್ಡಿಯನ್ನು ಖಾಲಿ ಬಟ್ಟಲಿಗೆ ಹಾಕಿ ಬಟ್ಟಲನ್ನು ಅವರ ಕೈಗೆ ಚಾಚಿದರು.

“ರೂಢಿ ತಪ್ಪಿತ್ತು, ನಾಳಿಂದ ಸುಧಾರಸ್ತದ ಅಂತ ಹೇಳ್ರಿ,” ಎಂದರು. “ನಿಮ್ಮ ದನಿಯೊಳಗ ಹೇಳ್ರಿ ಮತ್ತ.”