ಓರೆ ಹುಬ್ಬಿನ ಸೂರ್ಯ

"ಇದು ನಾನು ಕೊಂಡ ಚೀಟಿ ಅಲ್ಲ."

ನಾಲ್ಕನೆಯ ದಿನವೂ ಅದೇ ಮಾತು. ಲೆಯಾಂದ್ರೊ ಬಾಸ್ತೆರಿಕಾ ಕೈಯಲ್ಲಿದ್ದ ಚಿಮಟವನ್ನು ಮೇಜಿನ ಮೇಲೆ ಕುಕ್ಕಿದರು. ಉರುಗ್ವೆಯ ರಾಜಧಾನಿ ಮೊಂತೆವಿದೇಯೊದ ಹಳೆಪೇಟೆಯಲ್ಲಿ ನಲವತ್ತೊಂದು ವರ್ಷಗಳಿಂದ ಅಪರೂಪದ ಅಂಚೆಚೀಟಿ, ಹಳೆಯ ಪತ್ರಗಳನ್ನು ಹರಾಜು ಹಾಕಿಕೊಂಡು ಬಂದವರು ಅವರು. ಕಳ್ಳರನ್ನು ನೋಡಿದ್ದರು, ಹುಚ್ಚರನ್ನೂ ನೋಡಿದ್ದರು. ಇಂಥ ಹಟಮಾರಿಯನ್ನು ಮಾತ್ರ ನೋಡಿರಲಿಲ್ಲ.

ಎದುರಿಗಿದ್ದವನು ನೆಲ್ಸನ್ ಅರ್ಬೇಲೊ. ಪೈಸಂದೂ ಊರಿನ ಟ್ಯಾಕ್ಸಿ ಚಾಲಕ. ವಯಸ್ಸು ಐವತ್ತೈದರ ಆಸುಪಾಸು. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಚಹದಂತೆ ಹೀರುವ ಮಾಟೆ ಸೊಪ್ಪು ತುಂಬಿದ ಸೋರೆಬುರುಡೆ. ಹೋದ ತಿಂಗಳ ಹರಾಜಿನಲ್ಲಿ ಇಬ್ಬರು ಘಟಾನುಘಟಿ ಸಂಗ್ರಾಹಕರು ಸುಸ್ತಾಗುವವರೆಗೆ ಬೆಲೆ ಕೂಗಿ, ಕುದುರೆಗಾಡಿ ಅಂಚೆಯ ಕಾಲದ ನೀಲಿ ಚೀಟಿಯೊಂದನ್ನು ಕೊಂಡಿದ್ದ. ಚೀಟಿಯ ನಡುವೆ ಸೂರ್ಯನ ಮುಖ, ಸುತ್ತ ಕಿರಣಗಳು. ಅದಕ್ಕಾಗಿ ಟ್ಯಾಕ್ಸಿಯನ್ನೇ ಮಾರಿದ್ದನಂತೆ.

"ಮೂರು ಜನ ತಜ್ಞರ ಪ್ರಮಾಣಪತ್ರ ಇದೆ, ಅರ್ಬೇಲೊ ಅವರೇ. ಅಪ್ಪಟ ಅಸಲಿ ಅಂತ ಬರೆದಿದ್ದಾರೆ. ಓದೋಕೆ ಬರುತ್ತೆ ತಾನೆ?"

"ಬರುತ್ತೆ. ಓದಿದ ಮೇಲೇ ಹೇಳ್ತಿರೋದು, ಇದು ಅದಲ್ಲ."

"ಅಂದ್ರೆ ಆ ಮೂರು ಜನಾನೂ ಸುಳ್ಳರು?"

"ಅವರ ಮೇಲೆ ನನಗೇನೂ ದೂರಿಲ್ಲ ಸ್ವಾಮಿ. ನಾನು ಕೊಂಡಿದ್ರಲ್ಲಿ ಸೂರ್ಯನ ಎಡಹುಬ್ಬು ಒಂದು ಕೂದಲೆಳೆ ಮೇಲೇರಿತ್ತು. ಯಾರನ್ನೋ ಏನೋ ಕೇಳ್ತಿರೋ ಹಾಗೆ. ಇದರಲ್ಲಿ ನೆಟ್ಟಗಿದೆ. ಈ ಸೂರ್ಯ ನನ್ನ ಕಡೆ ನೋಡ್ತಾನೇ ಇಲ್ಲ."

ಅರ್ಬೇಲೊ ಹೇಳುತ್ತಿದ್ದುದು ನಿಜವಾಗಿತ್ತು.

ಹಣ ಹೊಂದಿಸಲು ಅವನು ಒಂದು ವಾರ ಕೇಳಿದ್ದ. ಆ ವಾರದಲ್ಲೇ, ಚೀಟಿಯನ್ನು ಲಕೋಟೆಗೆ ಹಾಕುವ ಮುನ್ನ ಕೊನೆಯ ಸಲ ಭೂತಕನ್ನಡಿ ಹಿಡಿದ ಲೆಯಾಂದ್ರೊ ಬೆವತುಹೋಗಿದ್ದರು. ನಕಲಿ! ಕಾಗದ ಹಳೆಯದು, ಶಾಯಿ ಮಾತ್ರ ನೂರು ವರ್ಷ ಈಚಿನದು. ಬಲು ಚಂದದ ಕೆಲಸ. ಆ ಹುಬ್ಬೊಂದು ತಪ್ಪಿತ್ತು. ಕ್ಯಾಟಲಾಗಿನಲ್ಲಿ ಅದನ್ನು ಅಸಲಿ ಎಂದು ಸಾರಿದ್ದವರು ಅವರೇ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಹೇಳಿಕೊಂಡರೆ ನಲವತ್ತೊಂದು ವರ್ಷದ ಹೆಸರು ಮಣ್ಣುಪಾಲು. ಸುಮ್ಮನಿದ್ದರೆ ಬಡಪಾಯಿಗೆ ಮೋಸ. ಕೊನೆಗೆ ಸ್ವಂತ ಕಪಾಟು ತೆರೆದರು. ತಾವು ಮೊದಲ ಸಂಪಾದನೆಯಲ್ಲಿ ಕೊಂಡು, ಯಾರಿಗೂ ಮಾರದೆ ಇಟ್ಟುಕೊಂಡಿದ್ದ ಅದೇ ಜಾತಿಯ ಅಸಲಿ ಚೀಟಿಯನ್ನು ತಜ್ಞರಿಂದ ಪರೀಕ್ಷೆ ಮಾಡಿಸಿ, ಅರ್ಬೇಲೊನ ಲಕೋಟೆಗೆ ಹಾಕಿದರು. ಮಗಳನ್ನು ಗಂಡನ ಮನೆಗೆ ಕಳಿಸಿದಂತಾಗಿತ್ತು.

ಈಗ ನೋಡಿದರೆ, ಅದನ್ನು ಪಡೆದವನೇ ಬಂದು ಕಳ್ಳನೆನ್ನುತ್ತಿದ್ದಾನೆ!

"ನಿಮ್ಮ ಹಣ ವಾಪಸ್ ಕೊಡ್ತೀನಿ," ಎಂದರು. "ಒಂದು ಪೆಸೊ ಕಡಿಮೆ ಇಲ್ಲದ ಹಾಗೆ. ಚೀಟಿ ಇಟ್ಟು ಹೋಗಿ."

"ಹಣ ಯಾರಿಗೆ ಬೇಕು? ನಾನು ಕೊಂಡಿದ್ದು ಕೊಡಿ."

ಅರ್ಬೇಲೊ ಎದ್ದು ಹೋಗಿ ಹೊರಗಿನ ಹಜಾರದಲ್ಲಿ, ಸರಿಯಾಗಿ ಬಾಗಿಲ ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತ. ಬುರುಡೆಗೆ ನೀರು ಸುರಿದುಕೊಂಡ. ಅಂದು ಮಧ್ಯಾಹ್ನವೇ ಮತ್ತೊಂದು ಹರಾಜಿತ್ತು.

ಮೂವತ್ತು ವರ್ಷಗಳಿಂದ ಅಲ್ಲಿ ಗುಮಾಸ್ತೆಯಾಗಿದ್ದ, ಈ ಗುಟ್ಟು ತಿಳಿದಿದ್ದ ನೇಲಿದಾ ಒಳಬಂದು ಪಿಸುಗುಟ್ಟಿದಳು. "ಇದ್ದದ್ದು ಇದ್ದ ಹಾಗೆ ಹೇಳಿಬಿಡಿ, ದೋನ್ ಲೆಯಾಂದ್ರೊ. ಉಪಕಾರ ಮಾಡಿ ಬೈಸ್ಕೊಳ್ಳೋ ಕರ್ಮ ಯಾಕೆ?"

"ಹೇಳಿದ್ರೆ ನಾಳೆ ಈ ಬಾಗಿಲಿಗೆ ನಾಯಿನೂ ಬರಲ್ಲ."

"ಇವನು ಹೀಗೇ ಕೂತಿದ್ರೆ ಇವತ್ತೇ ಬರಲ್ಲ."

ಅವಳ ಮಾತು ಸುಳ್ಳಾಗಲಿಲ್ಲ. ಬಂದವರಿಗೆಲ್ಲ ಅರ್ಬೇಲೊ ವಿನಯದಿಂದಲೇ ಹೇಳುತ್ತಿದ್ದ: "ಕೊಂಡಿದ್ದನ್ನೇ ಕೊಟ್ಟಿದ್ದಾರಾ ಅಂತ ಮನೆಗೆ ಹೋಗಿ ಸರಿಯಾಗಿ ನೋಡ್ಕೊಳ್ಳಿ." ಒಬ್ಬರು ನಕ್ಕರು. ಇನ್ನೊಬ್ಬರು ನಗಲಿಲ್ಲ. ಇಪ್ಪತ್ತು ವರ್ಷದ ಗಿರಾಕಿಯಾಗಿದ್ದ ವಿಧವೆಯೊಬ್ಬರು ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡು, ಹಾಗೆಯೇ ಹಿಂದಿರುಗಿದರು.

ಲೆಯಾಂದ್ರೊ ಅವರ ತಾಳ್ಮೆಯ ಕಟ್ಟೆಯೊಡೆಯಿತು. ಅರ್ಬೇಲೊನ ತೋಳು ಹಿಡಿದು ಒಳಕೋಣೆಗೆ ಎಳೆತಂದು ಬಾಗಿಲು ಹಾಕಿದರು.

"ಕೇಳಯ್ಯಾ! ನೀನು ಕೊಂಡಿದ್ದು ನಕಲಿ. ಶುದ್ಧ ನಕಲಿ! ನನ್ನ ಕಣ್ಣು ಮೋಸ ಹೋಯ್ತು. ಅದು ಗೊತ್ತಾದ ಮೇಲೆ ನನ್ನ ಸ್ವಂತದ್ದನ್ನ, ಈ ಜೀವಕ್ಕೆ ಅಂಟಿಕೊಂಡಿದ್ದನ್ನ, ನಿನಗೆ ಕೊಟ್ಟೆ. ಮೋಸ ಆಗಿದ್ರೆ ಅದು ನನಗೇ. ಈಗ ಸಮಾಧಾನ ಆಯ್ತಾ?"

ಅರ್ಬೇಲೊ ಬೆಚ್ಚಲಿಲ್ಲ. "ಗೊತ್ತಿತ್ತು, ನೀವೇ ಬದಲಾಯಿಸಿದ್ದು ಅಂತ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಬಗೆಯ ಆಸೆಯಿತ್ತು. "ಹಾಗಾದ್ರೆ ಅದು ನಿಮ್ಮ ಹತ್ರಾನೇ ಇದೆ. ಎಲ್ಲಿ?"

"ಇಟ್ಕೊಳ್ಳೋಕಾಗುತ್ತಾ ಅಂಥದ್ದನ್ನ? ಮತ್ತೆ ಮಾರುಕಟ್ಟೆಗೆ ಬಂದು ಇನ್ನೊಬ್ಬನ ಮನೆ ಹಾಳು ಮಾಡೋಕಾ? ಅವತ್ತೇ ಅಡುಗೆಮನೆ ಒಲೆಗೆ ಹಾಕಿದೆ."

ಲೆಯಾಂದ್ರೊ ಕಾದರು. ಒಂದು ಕ್ಷಮೆಯ ಮಾತಿಗೆ, ಒಂದು ಕೃತಜ್ಞತೆಯ ಮಾತಿಗೆ. ಏನಿಲ್ಲವೆಂದರೂ ನಾಲ್ಕು ದಿನದ ಅವಮಾನಕ್ಕೆ ಅಷ್ಟಾದರೂ ಸಲ್ಲಬೇಕಿತ್ತು.

ಅರ್ಬೇಲೊ ಅಸಲಿ ಚೀಟಿಯ ಲಕೋಟೆಯನ್ನು ಮೇಜಿನ ಮೇಲಿಟ್ಟು, ಬೇಡದ ತಟ್ಟೆಯನ್ನು ಸರಿಸುವಂತೆ ಅವರತ್ತ ಸರಿಸಿದ.

"ನಕಲಿ ಅಂತ ಗೊತ್ತಿದ್ದೇ ಕೊಂಡಿದ್ದು, ದೋನ್ ಲೆಯಾಂದ್ರೊ. ಅದರ ಅಚ್ಚು ಕೆತ್ತಿದ್ದು ನಮ್ಮಪ್ಪ, ಅದಕ್ಕೇ ಜೈಲು ಸೇರಿ ಅಲ್ಲೇ ತೀರಿಕೊಂಡ್ರು. ಅವರ ಕೈಯದ್ದು ಅಂತ ಈ ಲೋಕದಲ್ಲಿ ಉಳಿದಿದ್ದು ಅದೊಂದೇ."