ಟ್ರಂಕಿಗೆ ಬೀಗ ಬಿದ್ದ ಮಧ್ಯಾಹ್ನ

ನುಸಿಗುಳಿಗೆಯ ವಾಸನೆ ಬಂದರೆ ಈಗಲೂ ಹಲಸೂರಿನ ಕಡೆಯ ನಮ್ಮ ಸಣ್ಣ ಸರ್ಕಾರಿ ಶಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ. ನುಸಿಗುಳಿಗೆ ಹಾಕಿಟ್ಟ ಶಾಲೆಯ ಟ್ರಂಕು ತೆಗೆದು ಅದರಲ್ಲಿನ ಕಥೆಪುಸ್ತಕಗಳನ್ನು ಮನೆಗೂ ಕೊಡುತ್ತಿದ್ದ ಮಿಸ್‌ಗೆ ವರ್ಗವಾಗಿತ್ತು. ಹೊಸ ಹೆಡ್‌ಮಾಸ್ಟರು ಮಾನಿಟರ್ ಆಗಿದ್ದ ನನ್ನನ್ನು ಕರೆದು, "ಒಂದು ಕಳೆದ್ರೂ ನನ್ನ ತಲೆಗೆ ಬರುತ್ತೆ. ಎಲ್ಲಾ ವಾಪಸ್ ಇಸ್ಕೊಂಡು ಬಾಮ್ಮ" ಎಂದರು.

ಎಲ್ಲರೂ ಕೊಟ್ಟರು. ರಾಯಚೂರಿನಿಂದ ಬಂದು, ಆ ವರ್ಷವಷ್ಟೇ ಓದಲು ಕಲಿತಿದ್ದ ದೇವಮ್ಮ ಮಾತ್ರ ಪುಸ್ತಕವನ್ನು ಲಂಗದಡಿ ಇಟ್ಟುಕೊಂಡು ಕುಳಿತಿದ್ದಳು.

"ಇನ್ನ ನಾಕು ಹಾಳಿ ಅದಾವ. ಹೇಳಬ್ಯಾಡ."

"ಸಾರ್, ಇವಳ ಹತ್ರ ಒಂದಿದೆ" ಎಂದೆ, ಬಾಗಿಲಿಗೆ ಬಂದಿದ್ದ ಹೆಡ್‌ಮಾಸ್ಟರಿಗೆ.

ಅವರು ಬೈಯಲಿಲ್ಲ. "ಜಾಣೆ" ಎಂದು ನನ್ನ ಬೆನ್ನು ತಟ್ಟಿ, ಅದನ್ನೂ ಒಳಗಿಟ್ಟು ಬೀಗ ಹಾಕಿದರು. ನಾನು ಏಳನೇ ತರಗತಿ ಮುಗಿಸುವವರೆಗೂ ಟ್ರಂಕು ಮತ್ತೆ ತೆರೆಯಲಿಲ್ಲ.

ಆ ಕಥೆಯನ್ನು ನಾನು ಪೂರ್ತಿ ಓದಿದ್ದೆ. ಕೊನೆಗೆ ಏನಾಯಿತೆಂದು ದೇವಮ್ಮ ಯಾವತ್ತೂ ನನ್ನನ್ನು ಕೇಳಲಿಲ್ಲ.